ಶನಿವಾರದೊಳಗೆ ಬಿಡಿಸಬೇಕಾದ ಸಿಕ್ಕು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ರಾಯಾಪುರದ ಆಚೆ ಈಚೆ ಬರೀ ಹೊಲಗಳಿದ್ದ ಕಾಲ ಅದು. ಆಗ ದವಾಖಾನೆ ಸೇರಿದವರು ಲಗೂನೆ ಮನೆಗೆ ಬರುತ್ತಿರಲಿಲ್ಲ. ಹೋಗುವಾಗ ಹಾಸಿಗೆ ಸುರುಳಿ, ತಂಬಿಗೆ, ಚಾದರ, ಉಪ್ಪಿನಕಾಯಿಯ ಭರಣಿ ಎಲ್ಲ ಕಟ್ಟಿಕೊಂಡು, ಬೇರೆ ಊರಲ್ಲಿ ಸಂಸಾರ ಹೂಡುವವರ ಹಾಗೆ ಹೋಗುತ್ತಿದ್ದರು. ಮೂರು ತಿಂಗಳಿಗೋ ಆರು ತಿಂಗಳಿಗೋ ಬರುವವರು ಬಂದರು, ಕೆಲವರು ಬರಲಿಲ್ಲ. ನನ್ನ ವಯಸ್ಸಿನವರಿಗೆ ಆ ವಾಸನೆ ನೆನಪಿರಬೇಕು: ಫಿನೈಲು, ಬಟ್ಟೆ ಕುದಿಸಿದ ನೀರು, ಮತ್ತು ಹಿಂದಿನ ಚಪ್ಪರದಲ್ಲಿ ರೋಗಿಗಳ ಮನೆಯವರು ಬಡಿಯುತ್ತಿದ್ದ ಜೋಳದ ರೊಟ್ಟಿ. ಮೂರೂ ಕೂಡಿಯೇ ಬರುತ್ತಿದ್ದವು. ಈಗಲೂ ಎಲ್ಲಾದರೂ ರೊಟ್ಟಿ ಸುಡುವ ವಾಸನೆ ಬಂದರೆ ನನ್ನ ಎಡಗಾಲು ತಾನಾಗಿ ಬಿಗಿಯಾಗುತ್ತದೆ.

ನನಗೆ ಆಗ ಒಂಬತ್ತು ವರ್ಷ. ಧಾರವಾಡದ ನಮ್ಮ ಹಿತ್ತಲಿನ ಪೇರಲ ಗಿಡದಿಂದ ಬಿದ್ದು ಎಡ ತೊಡೆಯ ಎಲುಬು ಮುರಿದಿತ್ತು. ಮೊದಲು ಊರಲ್ಲೇ ಒಬ್ಬರಿಂದ ಪಟ್ಟಿ ಕಟ್ಟಿಸಿದರು. ಎಲುಬು ಸೊಟ್ಟ ಕೂಡಿತು. ಮತ್ತೆ ಅದನ್ನು ಮುರಿದು ನೆಟ್ಟಗೆ ಕೂಡಿಸಲು ಹುಬ್ಬಳ್ಳಿಯ ಒಂದು ದವಾಖಾನೆಗೆ ಒಯ್ದರು. ಅದರ ಹೆಸರು ಇಲ್ಲಿ ಬೇಕಿಲ್ಲ. ಕಾಲಿಗೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗ ಮಂಚದ ತುದಿಯ ಗಾಲಿಯ ಮೇಲೆ ಹಾದು ಕೆಳಗೆ ಮರಳಿನ ಚೀಲ. ಆ ಚೀಲ ಹಗಲೂ ರಾತ್ರಿ ನನ್ನ ಕಾಲನ್ನು ಎಳೆಯುತ್ತಿತ್ತು. ಅಂಗಾತ ಮಲಗಬೇಕು, ತಲೆ ಎತ್ತಬಾರದು, ಸೊಂಟ ಹೊರಳಿಸಬಾರದು; ಕುತ್ತಿಗೆ ಮಾತ್ರ ಪಕ್ಕಕ್ಕೆ ತಿರುಗಿಸಬಹುದಿತ್ತು.

ಅವ್ವ ಬರುವ ಹಾಗಿರಲಿಲ್ಲ. ನಾನು ದವಾಖಾನೆ ಸೇರಿದ ವಾರದಲ್ಲೇ ನನ್ನ ತಮ್ಮ ಹುಟ್ಟಿದ್ದ, ಅವಳು ಬಾಣಂತಿ. ಅಪ್ಪ ಧಾರವಾಡದ ಒಂದು ಕಚೇರಿಯಲ್ಲಿ ಕಾರಕೂನರು. ರವಿವಾರ ರವಿವಾರ ರೈಲಿಗೆ ಬಂದು, ಸ್ಟೂಲಿನ ಮೇಲೆ ಟೊಪ್ಪಿಗೆ ಇಟ್ಟುಕೊಂಡು ಸಂಜೆಯವರೆಗೆ ಕೂಡುತ್ತಿದ್ದರು. ಉಳಿದ ದಿನ ಹುಬ್ಬಳ್ಳಿಯ ನಮ್ಮ ಬಳಗದವರ ಮನೆಯಿಂದ ಎರಡು ಹೊತ್ತು ಡಬ್ಬಿ ಬರುತ್ತಿತ್ತು.

ನನ್ನನ್ನು ಸೇರಿಸಿದ ದಿನವೇ ಅಪ್ಪ ವಾರ್ಡಿನ ಸಿಸ್ಟರಿಗೆ ಒಂದು ಮಾತು ಹೇಳಿದರು. ಅದನ್ನು ನಾನೇ ಕೇಳಿದ್ದೇನೆ.

"ಆ ಆಯಾ ಇಕಿನ್ನ ಮುಟ್ಟೂದು ಬ್ಯಾಡರಿ, ಸಿಸ್ಟರ್."

ಸಿಸ್ಟರ್ ಧಾರವಾಡದವರೇ, ಕ್ರಿಸ್ತರು, ನಿಧಾನ ಮಾತಿನವರು. "ಹಂಗಂದ್ರ ಹೆಂಗ್ರಿ? ಸಂಡಾಸಕ್ಕ ಪಾಟು ಯಾರು ಇಡಬೇಕು? ಹಾಸಿಗಿ ಯಾರು ಒರಸಬೇಕು?"

ಅಪ್ಪ ಅಂದರು: "ಅದೆಲ್ಲಾ ಆಗಲಿ. ಊಟಕ್ಕ, ತಲಿಗೆ ಮಾತ್ರ ಬ್ಯಾಡ."

ಆಯಾಳ ಹೆಸರು ದುರಗವ್ವ. ಮುಟ್ಟಬಾರದವರೆಂದು ನಮ್ಮ ಮನೆಯಲ್ಲಿ ಆಗ ಹೇಳುತ್ತಿದ್ದ ಕೇರಿಯವಳು. ಸಿಸ್ಟರ್ ಆ ಮಾತನ್ನು ಆಕೆಗೆ ಮುಟ್ಟಿಸಿದರು, ಆಕೆ ತಪ್ಪದೆ ನಡೆಸಿದಳು. ದಿನಕ್ಕೆ ನಾಲ್ಕು ಸಲ ನನ್ನ ಹೊಲಸು ತೆಗೆದಳು, ಬೆನ್ನು ಒರಸಿದಳು, ಹುಣ್ಣಾಗದಂತೆ ಹಿಮ್ಮಡಿಯ ಕೆಳಗೆ ಹಳೆ ಬಟ್ಟೆಯ ಸಿಂಬಿ ಇಟ್ಟಳು. ತಲೆಯ ಹತ್ತಿರ ಬಂದಾಗ ಕೈ ಹಿಂದಕ್ಕೆ ತೆಗೆದುಕೊಂಡಳು. ಸಿಸ್ಟರಿಗೆ ನಲವತ್ತು ರೋಗಿಗಳು. ಹೀಗೆ ಒಂಬತ್ತು ವಾರ ನನ್ನ ತಲೆಗೆ ಹಣಿಗೆ, ಅಂದರೆ ಬಾಚಣಿಗೆ, ಬೀಳಲಿಲ್ಲ.

ಅದು ಯಾರಿಗೂ ದೊಡ್ಡದಾಗಿ ಕಂಡಿರಲಿಲ್ಲ, ನನಗೂ. ವಾರ್ಡು ನನಗೆ ರೂಢಿಯಾಗಿತ್ತು. ಹತ್ತು ಮಂಚ, ಎಲ್ಲ ತಿಂಗಳುಗಟ್ಟಲೆಯ ಹೆಂಗಸರು. ಎದ್ದು ಓಡಾಡಬಲ್ಲವರು ಮಲಗಿದವರ ಕೆಲಸ ಮಾಡಬೇಕು ಅನ್ನುವುದು ಅಲ್ಲಿ ಯಾರೂ ಬರೆಯದ ಕಾಯ್ದೆ. ನನ್ನ ಪಕ್ಕದ ಮಂಚ ಮುಗದ ಹಳ್ಳಿಯ ನೀಲವ್ವನದು. ಅವಳ ಮೊಣಕಾಲಲ್ಲಿ ಕೀವಾಗಿ ಐದು ತಿಂಗಳಾಗಿತ್ತು. ಬಡಿಗೆ ಊರಿ ಕುಂಟುತ್ತ ತಿರುಗುವಳು. ತಲೆ ಎತ್ತಬಾರದೆಂಬ ಡಾಕ್ಟರ ಮಾತಿಗೆ ಹೆದರಿ ನನ್ನ ಕೂದಲಿಗೆ ಮಾತ್ರ ಅವಳೂ ಕೈ ಹಚ್ಚುತ್ತಿರಲಿಲ್ಲ. ಕಿಟಕಿಗೆ ನಿಂತು ಹೊರಗೆ ಏನು ಕಂಡರೂ ನನಗೆ ವರದಿ ಒಪ್ಪಿಸುವಳು. ಬಳಪದ ಪಾಟಿಯ ಮೇಲೆ ಚೌಕಾಬಾರದ ಮನೆ ಬರೆದು ನನ್ನ ಎದೆಯ ಮೇಲೆ ಇಟ್ಟು ಹುಣಸೆ ಪಿಕ್ಕ ಎಸೆಯುವಳು. "ನಿನ್ನ ಎದಿ ಮ್ಯಾಲ ನನ್ನ ರಾಜ್ಯ ಐತಿ, ಜ್ವಾಕಿಂದ ಉಸರಾಡು," ಅನ್ನುವಳು. ನಾನು ಗೆಲ್ಲುವ ಹೊತ್ತಿಗೆ ತಾನೇ ಸೀನಿ ಕಾಯಿ ಕೆಡವುವಳು.

ಒಂದು ರವಿವಾರ ಡಾಕ್ಟರು ನನ್ನ ತಲೆಯ ಹಿಂಭಾಗ ನೋಡಿದರು. ಸೊಂಟದುದ್ದ ಇದ್ದ ಕೂದಲು ಕುತ್ತಿಗೆಯ ಬುಡದಲ್ಲಿ ಬೆವರು, ಹೇನು, ದಿಂಬಿನ ಅರಳೆ ಕೂಡಿ ಒಂದು ಸೆಗಣಿ ಕುಳ್ಳಿನಂತೆ ಗಟ್ಟಿಯಾಗಿತ್ತು. ಅದರ ಅಡಿಯಲ್ಲಿ ಹುಣ್ಣಾಗಿ ಒಸರುತ್ತಿತ್ತು. ಡಾಕ್ಟರು ಹೋದ ಮೇಲೆ ಸಿಸ್ಟರ್ ಅಪ್ಪನಿಗೆ ಹೇಳಿದರು: "ಹುಣ್ಣಿಗೆ ಔಷಧ ಮುಟ್ಟಬೇಕಂದ್ರ ಕೂದಲಾ ತಗೀಲೇಬೇಕ್ರಿ. ಶನಿವಾರ ಹಜಾಮ ಬರ್ತಾನ. ಪೂರಾ ತಗಸಿಬಿಡೂಣು."

ತಪ್ಪು ಹೇಳಿದರು ಅನ್ನಲಾರೆ. ಹುಣ್ಣು ಖರೇ ಇತ್ತು.

ಆದರೆ ನಾನು ನನ್ನ ಒಂಬತ್ತು ವರ್ಷದಲ್ಲಿ ತಲೆ ಬೋಳಿಸಿದ ಹೆಂಗಸು ಅಂತ ಕಂಡಿದ್ದು ಒಬ್ಬರನ್ನೇ: ನಮ್ಮ ಅಂಬಾ ಅತ್ಯಾ. ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಕೆಂಪು ಸೀರೆ, ಅದರದೇ ಸೆರಗು ಹಣೆಯವರೆಗೆ. ಒಂದು ಹೊತ್ತಿನ ಊಟ. ನಸುಕಿನಿಂದ ಮಡಿಯಲ್ಲಿ ಅಡಿಗೆ, ಮಕ್ಕಳು ಹತ್ತಿರ ಹೋದರೆ "ಮುಟ್ಟಬ್ಯಾಡ, ದೂರ!" ತಿಂಗಳಿಗೊಮ್ಮೆ ಹಿತ್ತಲಿನ ಬಾಗಿಲಿಗೆ ಹಜಾಮ ಬರುವನು, ಆಗ ನಮ್ಮನ್ನೆಲ್ಲ ಒಳಗೆ ಕೂಡಿ ಹಾಕುವರು. ತಲೆ ತೆಗೆದರೆ ಹಾಗೇ ಆಗುತ್ತದೆ ಅಂತ ನನಗೆ ಸಂಶಯವೇ ಇರಲಿಲ್ಲ.

"ಅಪ್ಪಾ, ನಂದು ಮದಿವೀನ ಆಗಿಲ್ಲಲಾ," ಅಂದೆ. "ಹಂಗಾರ ನಂದ್ಯಾಕ ತಗೀತಾರ?"

ಅಪ್ಪ ನನ್ನ ಮುಖ ನೋಡಲಿಲ್ಲ. ಟೊಪ್ಪಿಗೆ ತೆಗೆದುಕೊಂಡು ಎದ್ದು ಪಡಸಾಲೆಗೆ ಹೋದರು. ಆ ದಿನ ನನಗೆ ಹೇಳದೆಯೇ ಊರಿಗೆ ಹೋದರು.

ಸೋಮವಾರ ವಾರ್ಡಿನಲ್ಲಿ ಇನ್ನೊಂದು ಎದ್ದಿತು. ಬಾಗಿಲ ಬದಿಯ ಮಂಚದ ಒಬ್ಬ ಮುದುಕಿ ನನ್ನ ತಲೆ ನೋಡಲು ಬಂದಳು. ಬಗ್ಗಿ ನೋಡಿ, ಹಿಂದೆ ಸರಿದು, ಎರಡೂ ಕೈ ಜೋಡಿಸಿದಳು. ನನಗೆ! "ಕತ್ತರಿ ಮುಟ್ಟಿಸಬ್ಯಾಡ್ರೆವಾ. ಇದು ದೇವರ ಜಡಿ. ಗುಡ್ಡದ ಎಲ್ಲವ್ವ ಕರದಾಳ ಈ ಕೂಸಿನ್ನ. ತಾಯಿಗೆ ಬಿಡಬೇಕು ಇದನ್ನ." ಚೀಲದಿಂದ ಅರಿಸಿನದ ಭಂಡಾರ ತೆಗೆದು ನನ್ನ ಹಣೆಗೆ ಹಚ್ಚಿದಳು. ಮತ್ತಿಬ್ಬರು ದೂರದಿಂದ ಕೈ ಮುಗಿದರು. ನೀಲವ್ವ ಕೂಡ ಆ ಹೊತ್ತಿಗೆ ನಗಲಿಲ್ಲ.

ನೆಲ ಒರೆಸುತ್ತಿದ್ದ ದುರಗವ್ವ ಅರಿವೆ ಬಕೆಟ್ಟಿಗೆ ಒಗೆದು ಎದ್ದಳು.

"ಜಡಿ ಅಲ್ಲ ಬೇ ಅದು. ಹಣಿಗಿ ಕಾಣದ ಕೂದಲಾ ಅದು."

"ನಿನಗೇನ ಗೊತ್ತೈತಿ?"

"ನನಗಽ ಗೊತ್ತೈತಿ. ನಮ್ಮಕ್ಕ ಜ್ವರಾ ಬಂದು ಎರಡು ತಿಂಗಳಾ ಬಿದ್ದಿದ್ಲು. ಯಾರೂ ತಲಿ ಹಿಕ್ಕಲಿಲ್ಲ. ಎದ್ದಾಗ ಜಡಿ ಬಂದೈತಿ ಅಂದ್ರು. ಗುಡ್ಡಕ್ಕ ಕರಕೊಂಡು ಹೋಗಿ ದೇವರಿಗೆ ಬಿಟ್ಟ ಬಂದ್ರು. ಹನ್ನೆರಡು ವರ್ಸದಾಕಿ." ದುರಗವ್ವ ಅತ್ತ ಇತ್ತ ನೋಡಿದಳು. "ಹಣಿಗಿ ಮನ್ಯಾಗಽ ಇತ್ತು."

ನಾನು ಕೇಳಿದೆ: "ಹಂಗಾರ ನೀನಽ ಬಿಡಸು, ದುರಗವ್ವಾ."

ಆಕೆ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. "ನಿಮ್ಮಪ್ಪಾರು ಬ್ಯಾಡಂದಾರ, ತಂಗಿ."

"ಪಾಟು ಇಡತೀ ಅಲಾ?"

"ಅದಕ್ಕ ಬ್ಯಾಡಂದಿಲ್ಲ."

ನೀಲವ್ವನಿಗೆ ಈಗ ನಗು ತಡೆಯಲಾಗಲಿಲ್ಲ. "ಎಂಥಾ ಕಾಯ್ದೆ ಬೇ ಇದು! ಬುಡಕ್ಕ ನಡೀತೈತಿ, ತುದಿಗೆ ನಡ್ಯಾಂಗಿಲ್ಲ!" ಇಡೀ ವಾರ್ಡು ನಕ್ಕಿತು, ದುರಗವ್ವನೂ ನಕ್ಕಳು. ನಾನು ನಗಲಿಲ್ಲ. ಶನಿವಾರಕ್ಕೆ ಇನ್ನು ಐದು ದಿನ ಅಂತ ಬೆರಳು ಮಡಚಿದೆ. ಒಂದು ಕಡೆ ಕತ್ತರಿ, ಇನ್ನೊಂದು ಕಡೆ ಕೈ ಮುಗಿಯುವವರು. ಯಾವುದು ಕಡಿಮೆ ಭಯದ್ದು ಅಂತ ತಿಳಿಯಲಿಲ್ಲ.

ಆ ಹೊತ್ತಿಗೆ ಮನೆಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅವ್ವ ಆಮೇಲೆ ಹೇಳಿದ್ದು. ಅಪ್ಪ ಎರಡು ದಿನ ಬಾಯಿ ಬಿಡಲಿಲ್ಲವಂತೆ. ಮಂಗಳವಾರ ಊಟಕ್ಕೆ ಕೂತಾಗ ಹೇಳಿದರಂತೆ. ಅಂಬಾ ಅತ್ಯಾ ಅನ್ನದ ಪಾತ್ರೆ ಕೆಳಗಿಟ್ಟು, "ನಾಳೆ ನಾ ಬರ್ತೇನಿ," ಅಂದಳಂತೆ. ವೈಕುಂಠ ಸಮಾರಾಧನೆಗೆ ಬಿಟ್ಟರೆ ಹೊಸ್ತಿಲು ದಾಟದಿದ್ದವಳು.

"ಅಲ್ಲಿ ಎಂಥೆಂಥಾವರು ಇರ್ತಾರ, ಅಕ್ಕಾ. ಮಡಿ ಹೆಂಗ?"

"ಮನಿಗೆ ಬಂದು ಸ್ನಾನಾ ಮಾಡ್ತೇನಿ. ಭಾವ್ಯಾಗಿನ ನೀರು ಬತ್ತಿಲ್ಲಲಾ."

ಬುಧವಾರ ಬೆಳಿಗ್ಗೆ ಬಾಗಿಲಲ್ಲಿ ಕೆಂಪು ಸೀರೆ ಕಂಡಿತು. ಅಪ್ಪ ಆಕೆಯನ್ನು ಬಿಟ್ಟು, ರೈಲು ಹಿಡಿದು ಕಚೇರಿಗೆ ತಿರುಗಿ ಹೋದರು. ಬೆಳಗಿನಲ್ಲಿ ಎದುರು ಬರಬಾರದವಳು ಅಂತ ಆಗಿನವರು ಅಂದುಕೊಳ್ಳುತ್ತಿದ್ದ ಹೆಂಗಸು ಹತ್ತು ಮಂಚಗಳ ನಡುವೆ ನಡೆದು ಬಂದಳು. ಕಾಲು ಎಲ್ಲಿ ಇಡಬೇಕು ಅಂತ ನೆಲ ನೋಡುತ್ತ ಬಂದಳು. ನನ್ನ ಮಂಚದ ಹತ್ತಿರ ನಿಂತು, ಗಂಟಿನಿಂದ ಕಟ್ಟಿಗೆಯ ಹಣಿಗೆ, ಒಂದು ದಪ್ಪ ಸೂಜಿ, ಕೊಬ್ಬರಿ ಎಣ್ಣೆಯ ಬಟ್ಟಲು ತೆಗೆದಳು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟಳು.

ನನಗೆ ಗೊತ್ತಿರುವ ಮಟ್ಟಿಗೆ ಆಕೆ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕೈ ತಣ್ಣಗಿತ್ತು. ನಾನು ಹೆದರಿ ಕಣ್ಣು ಮುಚ್ಚಿದೆ.

"ಕಣ್ಣ ಯಾಕ ಮುಚ್ಚೀ? ಕೂದಲಾ ಬಿಡಸಲಿಕ್ಕೆ ಬಂದೇನಿ, ಕಿವಿ ಹಿಂಡಲಿಕ್ಕಲ್ಲ."

ಅರ್ಧ ತಾಸು ಆಕೆ ಒಬ್ಬಳೇ ಪ್ರಯತ್ನ ಮಾಡಿದಳು. ತುದಿಯ ಕೂದಲು ಬಿಟ್ಟಿತು. ಬುಡದ ಗಂಟಿಗೆ ಕೈ ಹಾಕಿದರೆ ತಲೆ ಜಗ್ಗಿ ನಾನು ಚೀರುತ್ತಿದ್ದೆ. ಚೀರಿದಾಗ ಮೈ ಅಲುಗಿ ಮರಳಿನ ಚೀಲ ತೂಗುತ್ತಿತ್ತು. ಸಿಸ್ಟರ್ ಓಡಿ ಬಂದರು. "ಕಾಲು ಅಲಗಿದ್ರ ಎಲುಬು ಮತ್ತ ಸರೀತದ್ರಿ. ಬಿಟ್ಟಬಿಡ್ರಿ ಇದನ್ನ."

ಅತ್ಯಾ ಬಿಡಲಿಲ್ಲ, ಮುಂದುವರಿಸಲೂ ಇಲ್ಲ. ಸೂಜಿ ಹಿಡಿದು ಸುಮ್ಮನೆ ಕೂತಳು. ಆಗ ಎರಡು ಮಾರು ದೂರದಲ್ಲಿ ನಿಂತಿದ್ದ ದುರಗವ್ವ ಹೇಳಿದಳು:

"ಬಾಯಾರ, ಒಬ್ಬರು ಬುಡಾ ಒತ್ತಿ ಹಿಡೀಬೇಕ್ರಿ. ಹಂಗ ಹಿಡದ್ರ ಜಗ್ಗೂದು ತಲಿಗೆ ಮುಟ್ಟೂದಿಲ್ಲ."

"ಹೆಂಗ ಹಿಡೀಬೇಕು?"

"ಹಿಂಗ್ರಿ," ಅಂತ ಆಕೆ ಗಾಳಿಯಲ್ಲಿ ಬೆರಳು ಕೂಡಿಸಿ ತೋರಿಸಿದಳು. ಅತ್ಯಾ ಹಿಡಿದಳು. "ಅಲ್ರಿ, ಅದಕ್ಕೂ ಒಳಗ." ಅತ್ಯಾ ಮತ್ತೆ ಹಿಡಿದಳು. ಎಡಗೈ ಹಿಡಿದರೆ ಸೂಜಿ ನಡೆಸಲು ಒಂದೇ ಕೈ ಉಳಿಯಿತು. ಸಿಕ್ಕಿಗೆ ಎರಡು ಬೇಕು.

ಅತ್ಯಾ ದುರಗವ್ವನ ಕಡೆ ತಿರುಗಿದಳು. ತುಸು ಸಿಟ್ಟಿನಿಂದಲೇ ಅಂದಳು: "ಅಲ್ಲೇ ನಿಂತು ಹೇಳಿದರ ನನ್ನ ಕೈಗೆ ಹೆಂಗ ತಿಳೀಬೇಕು? ಬಾ, ಇಲ್ಲಿ ಕೂಡು. ನೀ ಹಿಡಿ."

ದುರಗವ್ವ ಅಲ್ಲಾಡಲಿಲ್ಲ. "ಸಾಹೇಬರು—"

"ಅಂವಾ ನನ್ನ ತಮ್ಮ. ನಾ ನೋಡ್ಕೋತೇನಿ. ಕೈ ತೊಳಕೊಂಡು ಬಾ."

ದುರಗವ್ವ ಕಾರ್ಬಾಲಿಕ್ ಸಾಬೂನಿನಿಂದ ಮೊಣಕೈವರೆಗೆ ಎರಡು ಸಲ ತೊಳೆದು ಬಂದು ಮಂಚದ ಇನ್ನೊಂದು ಬದಿಗೆ ಕೂತಳು. ಬೆರಳುಗಳನ್ನು ಕೂದಲ ಬುಡಕ್ಕೆ ಇಳಿಸಿ ತಲೆಗೆ ಒತ್ತಿ ಹಿಡಿದಳು. ಅತ್ಯಾ ಸೂಜಿಯ ಮೊನೆಯಿಂದ ಒಂದು ಎಳೆ ಎತ್ತಿ ತೆಗೆದಳು. ನೋಯಲಿಲ್ಲ. ಇನ್ನೊಂದು ಎಳೆ. ನೋಯಲಿಲ್ಲ. ಇಬ್ಬರೂ ಒಂದೇ ಬಟ್ಟಲಿಗೆ ಬೆರಳು ಅದ್ದುತ್ತಿದ್ದರು. ಅದನ್ನು ನಾನು ಕಣ್ಣಾರೆ ಕಂಡೆ, ಮತ್ತು ಏನಾದರೂ ಆಗುತ್ತದೆ ಅಂತ ಕಾದೆ. ಏನೂ ಆಗಲಿಲ್ಲ.

ಸಂಜೆ ಐದರ ಹೊತ್ತಿಗೆ ಅಪ್ಪ ಅಕ್ಕನನ್ನು ಕರೆದೊಯ್ಯಲು ಬಂದರು. ನನ್ನ ತಲೆ ಕಿಟಕಿಯ ಕಡೆ ಇತ್ತು, ಅವರು ಬಂದು ಅಲ್ಲೇ ನಿಂತರು. ಮೊದಲು ಅಕ್ಕನ ಕೈ ನೋಡಿದರು, ಆಮೇಲೆ ಆ ಇನ್ನೊಂದು ಜೋಡಿ ಕೈ ನೋಡಿದರು. ಕೆಳಗಿನಿಂದ ನನಗೆ ಅವರ ಗದ್ದ ಮಾತ್ರ ಕಾಣುತ್ತಿತ್ತು. ದುರಗವ್ವ ಹಿಡಿತ ಸಡಿಲಿಸಿದ್ದು ನನಗೆ ಗೊತ್ತಾಯಿತು. ಈಗ ಬೈಯುತ್ತಾರೆ, ಈಗ ಎಲ್ಲ ನಿಲ್ಲುತ್ತದೆ, ಇನ್ನು ಶನಿವಾರವೇ ಅಂದುಕೊಂಡೆ.

ಅತ್ಯಾ ತಲೆ ಎತ್ತಲಿಲ್ಲ.

"ವಾಮನಾ, ಬೆಳಕಿಗೆ ಅಡ್ಡ ನಿಂತೀ. ಆಕಡೆ ಸರಿ."

ಅಪ್ಪ ಆಕಡೆ ಸರಿದರು.

ಗುರುವಾರ, ಶುಕ್ರವಾರ ಹಾಗೇ ನಡೆಯಿತು. ದುರಗವ್ವ ನಡುನಡುವೆ ತನ್ನ ಕೆಲಸಕ್ಕೆ ಎದ್ದು ಹೋಗುವಳು, ಕೈ ತೊಳೆದು ಬರುವಳು. ನೀಲವ್ವ ಉದುರಿದ ಹೇನು ಎಣಿಸುವ ಕೆಲಸ ವಹಿಸಿಕೊಂಡಳು. "ಇಪ್ಪತ್ತಾರು! ಇದು ನಿನ್ನ ತಲಿ ಅಲ್ಲ ಬಿಡು, ಮುಗದದ ಸಂತಿ." ಮಾತು ಮಾತಿನಲ್ಲಿ ಅವಳೇ ಕೇಳಿದಳು:

"ಬಾಯಾರ, ಸಿಟ್ಟ ಆಗಬ್ಯಾಡ್ರಿ. ಇಷ್ಟ ಚಂದ ಕೂದಲಾ ಬಿಡಸೂದು ನಿಮಗ ಹೆಂಗ ಗೊತ್ತಾತ್ರಿ?"

"ನನಗೂ ಇದ್ದವು. ಮೊಣಕಾಲ ತನಕ. ಹದಿನೇಳು ವರ್ಷ ಇದ್ದವು."

ನೀಲವ್ವ ನಾಲಿಗೆ ಕಚ್ಚಿಕೊಂಡಳು. ದುರಗವ್ವ ಮೆಲ್ಲಗೆ ಕೇಳಿದಳು: "ಒಂದಽ ದಿನದಾಗ ತಗದ್ರೇನ್ರಿ?"

"ದಿನಾ ಯಾಕ? ಅರ್ಧಾ ತಾಸು ಸಾಕಾತು." ಅತ್ಯಾ ಒಂದು ಎಳೆ ಬಿಡಿಸಿ ಪಕ್ಕಕ್ಕೆ ಇಟ್ಟಳು. "ಬಿಡಸಲಿಕ್ಕೇ ಮೂರು ದಿನಾ ಬೇಕು, ನೋಡು."

ಶನಿವಾರ ಬೆಳಿಗ್ಗೆ ಹಜಾಮ ಬಂದಾಗ ಅಡಿಕೆಯಷ್ಟು ಒಂದು ಗಂಟು ಉಳಿದಿತ್ತು. ಅದು ಏನು ಮಾಡಿದರೂ ಬಿಡಲಿಲ್ಲ. ಸಿಸ್ಟರ್ ಬಂದು ನನ್ನ ತಲೆಯನ್ನು ಸಾವಕಾಶ ನೋಡಿದರು, ಕೂದಲು ಎರಡು ಭಾಗ ಮಾಡಿ ಹುಣ್ಣು ನೋಡಿದರು. ಅವರು ತಮ್ಮ ಕತ್ತರಿ ತೆಗೆದು ಆ ಗಂಟನ್ನು ಮಾತ್ರ ಕತ್ತರಿಸಿ ಬಟ್ಟಲಿಗೆ ಹಾಕಿದರು.

"ಹುಣ್ಣಿಗೆ ಔಷಧ ಹಚ್ಚಲಿಕ್ಕೆ ಹಾದಿ ಆತಲಾ," ಅಂದರು. "ಸಾಕು."

ಹಜಾಮ ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದ. "ಹಂಗಾರ ನನಗಿಲ್ಲಿ ಕೆಲಸ ಇಲ್ಲೇನ್ರಿ?"

ಉತ್ತರ ಕೊಟ್ಟವಳು ಅತ್ಯಾ. "ಇಲ್ಲಪಾ. ಇವತ್ತ ನಿನಗ ಸೂಟಿ." ಅಂದು, ನಕ್ಕಳು. ಬಾಯಿ ತೆರೆದು, ಸೆರಗು ಜಾರುವಷ್ಟು ನಕ್ಕಳು. ಆಕೆಯ ಹಲ್ಲು ಅಷ್ಟು ಸಣ್ಣವು ಅಂತ ನನಗೆ ಗೊತ್ತಿರಲಿಲ್ಲ.

ಎರಡು ಹೆರಳು ಹಾಕಿದರು, ಬಲಗಡೆಯದು ಅತ್ಯಾ, ಎಡಗಡೆಯದು ದುರಗವ್ವ. ಒಂದು ದಪ್ಪ, ಒಂದು ಸಣ್ಣ ಆಯಿತು. ನೀಲವ್ವ ತನ್ನ ಕನ್ನಡಿ ನನ್ನ ಮುಖದ ಮೇಲೆ ಹಿಡಿದಳು. ಬಾಗಿಲ ಬದಿಯ ಮುದುಕಿ ಬಂದು ನೋಡಿ, "ಎಲ್ಲವ್ವ ಬ್ಯಾರೇ ಯಾರನ್ನೋ ಕರದಿರಬೇಕು ಬಿಡ್ರಿ," ಅಂದಳು. ನಾನು ಅಳುತ್ತೇನೆ ಅಂತ ಎಲ್ಲರೂ ಕಾಯುತ್ತಿದ್ದರು. ಅಳು ಬರಲಿಲ್ಲ, ನಿದ್ದೆ ಬಂತು. ಒಂಬತ್ತು ವಾರದಲ್ಲಿ ಮೊದಲ ಸಲ ಗಂಟು ಒತ್ತದೆ ತಲೆ ದಿಂಬಿನ ಮೇಲೆ ಮಲಗಿತು. ಮಧ್ಯಾಹ್ನದ ಡಬ್ಬಿ ಬಂದದ್ದೂ ತಿಳಿಯಲಿಲ್ಲ.

ಮರುದಿನ ರವಿವಾರ ಅಪ್ಪ ಬಂದರು. ಆಯಾ ತಲೆ ಮುಟ್ಟಬಹುದು ಅಂತ ಅವರು ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ, ನಾನು ಕೇಳಿಲ್ಲ. ಆದರೆ ಒಂದು ಹೊಸ ಹಣಿಗೆ ತಂದಿದ್ದರು. ಅದನ್ನು ನನ್ನ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲೆ, ದುರಗವ್ವ ಬಕೆಟ್ಟು ಇಡುವ ಬದಿಗೆ ಇಟ್ಟು ಹೋದರು. ಆಮೇಲೆ ನಾನು ಮನೆಗೆ ಹೋಗುವತನಕ, ಸುಮಾರು ಏಳು ವಾರ, ಆಕೆ ದಿನ ಬಿಟ್ಟು ದಿನ ನನ್ನ ತಲೆ ಹಿಕ್ಕಿದಳು. ತನ್ನ ಅಕ್ಕನ ಸುದ್ದಿ ಮತ್ತೆ ಎತ್ತಲಿಲ್ಲ. ಕೂದಲು ಬಾಚಿ ಮುಗಿಸಿ, ಹಣಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದ್ದಲ್ಲೇ ಇಡುತ್ತಿದ್ದಳು.

ಕಾಲು ನೆಟ್ಟಗೆ ಕೂಡಿತು. ತುಸು ಕುಂಟು ಉಳಿಯಿತು, ಅದು ಮಳೆಗಾಲದಲ್ಲಿ ಮಾತ್ರ. ಟಾಂಗಾದಿಂದ ಇಳಿದು, ಬಡಿಗೆ ಊರಿಕೊಂಡು, ನಾನು ಅವ್ವನನ್ನೂ ತಮ್ಮನನ್ನೂ ದಾಟಿ ನೆಟ್ಟಗೆ ಅಡಿಗೆ ಮನೆಗೆ ಹೋದೆ. ಅತ್ಯಾ ಒಲೆಯ ಮುಂದಿದ್ದಳು. ಎರಡು ಹೆಜ್ಜೆ ಹಿಂದೆ ಸರಿದಳು.

"ದೂರ, ಮುಟ್ಟಬ್ಯಾಡ. ಮಡಿಯಾಗಿದ್ದೇನಿ." ಅದೇ ಹಳೆಯ ದನಿ. ನಾನು ಹೊಸ್ತಿಲ ಮೇಲೆ ನಿಂತೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಿರುಗು," ಅಂದಳು. ತಿರುಗಿದೆ. "ಹೆರಳು ಛಲೋ ಹಾಕ್ಯಾಳ," ಅಂದಳು.

ಮುಂದೆ ಹನ್ನೊಂದು ವರ್ಷ ಆಕೆ ಇದ್ದಳು. ಮತ್ತೆ ನನ್ನನ್ನು ಮುಟ್ಟಲಿಲ್ಲ. ನನ್ನ ಮದುವೆಯಲ್ಲಿ ಕೂಡ ಆಕೆ ಒಳಕೋಣೆಯಲ್ಲೇ ಕೂತಿದ್ದಳು. ದುರಗವ್ವನನ್ನು ನಾನು ಎರಡು ಸಲ ಆ ದವಾಖಾನೆಗೆ ಹುಡುಕಿಕೊಂಡು ಹೋದೆ, ಸಿಗಲಿಲ್ಲ. ಎರಡನೆಯ ಸಲಕ್ಕೆ ಅಲ್ಲಿ ಆಕೆಯನ್ನು ಬಲ್ಲವರೇ ಇರಲಿಲ್ಲ.

ಆ ಮಡಿ ಈಗ ಹೋಗಿದೆ, ಹೋದದ್ದೇ ನೆಟ್ಟಗಾಯಿತು; ಅದಕ್ಕಾಗಿ ನಾನು ಒಂದು ಹನಿ ಕಣ್ಣೀರು ಹಾಕಲಾರೆ. ಮುರಿದ ಕಾಲಿಗೆ ಈಗ ಯಾರನ್ನೂ ನಾಲ್ಕು ತಿಂಗಳು ಮಲಗಿಸುವುದಿಲ್ಲ. ಹೋದ ವರ್ಷ ಅದೇ ತೊಡೆಗೆ ಏನೋ ಆಗಿ ನಾನು ದವಾಖಾನೆ ಸೇರಿದೆ, ಆರನೆಯ ದಿನ ಮನೆಗೆ ಕಳಿಸಿದರು. ಎಲ್ಲ ಸ್ವಚ್ಛ. ಪಕ್ಕದ ಮಂಚದಲ್ಲಿ ಯಾರಿದ್ದರು ಅಂತ ಪರದೆಯ ಆಚೆಗೆ ಕಾಣಲೇ ಇಲ್ಲ.

ಕೂದಲು ಬೆಳ್ಳಗಾಗಿ ಇಲಿಯ ಬಾಲದಷ್ಟು ಉಳಿದಿದೆ. ಮೊಮ್ಮಗಳು ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಎರಡು ನಿಮಿಷದಲ್ಲಿ ಬಾಚಿ ಎದ್ದು ಹೋಗುತ್ತಾಳೆ. ಒಳ್ಳೆಯ ಹುಡುಗಿ. ಸಿಕ್ಕೇ ಇಲ್ಲದ ತಲೆಯ ಹತ್ತಿರ ಅದಕ್ಕಿಂತ ಹೆಚ್ಚು ಹೊತ್ತು ಯಾರಾದರೂ ಯಾಕೆ ಕೂಡಬೇಕು?